ಪ್ರಯಾಣಿಕರಿಂದ ಹಲ್ಲೆಯಾದರೆ ಕ್ಯಾಬ್, ಆಟೊ, ಬೈಕ್ ಟ್ಯಾಕ್ಸಿ ಚಾಲಕರು ಏನು ಮಾಡಬೇಕು? ದೂರಿನಿಂದ ಪರಿಹಾರದವರೆಗೆ ಸಂಪೂರ್ಣ ಮಾಹಿತಿ

ಒಟಿಪಿ ಹೇಳಲು ತಕರಾರು, ದಾರಿ ಬದಲಿಸಿದರೆಂಬ ಆರೋಪ, ಎಸಿ ಹಾಕಲಿಲ್ಲವೆಂಬ ಸಿಟ್ಟು, ಆ್ಯಪ್ ತೋರಿಸಿದ ದರಕ್ಕೂ ಕೊನೆಯ ಬಿಲ್‌ಗೂ ಇರುವ ವ್ಯತ್ಯಾಸ. ಇಂಥ ಸಣ್ಣ ಮಾತು ಬೆಳೆದು ಚಾಲಕರ ಮೇಲೆ ಕೈ ಮಾಡುವ ಹಂತಕ್ಕೆ ಹೋಗುವುದು ದೊಡ್ಡ ನಗರಗಳಲ್ಲಿ ಹೊಸದಲ್ಲ. ಪೆಟ್ಟು ತಿಂದ ಚಾಲಕರಲ್ಲಿ ಬಹಳ ಮಂದಿ 'ಠಾಣೆಗೆ ಹೋದರೆ ಒಂದು ದಿನದ ದುಡಿಮೆ ಹೋಗುತ್ತದೆ, ಐಡಿ ಬ್ಲಾಕ್ ಆಗುತ್ತದೆ' ಎಂದು ಸುಮ್ಮನಾಗುತ್ತಾರೆ. ಆದರೆ ಅದೇ ಪ್ರಯಾಣಿಕರು ಆ್ಯಪ್‌ನಲ್ಲಿ ಮೊದಲೇ ದೂರು ಕೊಟ್ಟರೆ ಪೆಟ್ಟು ತಿಂದವರೇ ತಪ್ಪಿತಸ್ಥರಾಗಿ ನಿಲ್ಲಬೇಕಾಗುತ್ತದೆ.

ಹಲ್ಲೆಯಾದ ನಂತರದ ಮೊದಲ ಕೆಲವು ಗಂಟೆಗಳಲ್ಲಿ ಚಾಲಕರು ಏನು ಮಾಡಬೇಕು, ಯಾವ ಸೆಕ್ಷನ್ ಅನ್ವಯಿಸುತ್ತದೆ, ಪೊಲೀಸರು ದೂರು ಪಡೆಯದಿದ್ದರೆ ದಾರಿ ಏನು, ಚಿಕಿತ್ಸೆಯ ವೆಚ್ಚ ಮತ್ತು ವಾಹನದ ಹಾನಿಗೆ ಪರಿಹಾರ ಎಲ್ಲಿ ಸಿಗುತ್ತದೆ ಎಂಬ ವಿವರ ಇಲ್ಲಿದೆ.

ಮೊದಲ ಅರ್ಧ ಗಂಟೆಯಲ್ಲಿ ಮಾಡಬೇಕಾದ್ದು

* ಜೀವ ಮೊದಲು, ಗಾಡಿ ಆಮೇಲೆ: ಜಗಳ ಜೋರಾದರೆ ಜನ ಮತ್ತು ಬೆಳಕು ಇರುವ ಕಡೆ ವಾಹನ ನಿಲ್ಲಿಸಬೇಕು. ಪೆಟ್ರೋಲ್ ಬಂಕ್, ಟೋಲ್ ಗೇಟ್, ಆಸ್ಪತ್ರೆ, ಪೊಲೀಸ್ ಚೌಕಿ ಮುಂತಾದ ಜಾಗಗಳಲ್ಲಿ ಸಿಸಿಟಿವಿಯೂ ಇರುತ್ತದೆ, ಸಾಕ್ಷಿಗಳೂ ಸಿಗುತ್ತಾರೆ. ಸಾಧ್ಯವಾದರೆ ಕೀ ತೆಗೆದುಕೊಂಡು ಕೆಳಗಿಳಿಯಬೇಕು. ಆಯುಧ ಕಂಡರೆ ಹಣ, ಮೊಬೈಲ್, ಗಾಡಿ ಯಾವುದಕ್ಕೂ ಎದುರು ನಿಲ್ಲಬಾರದು.

* 112ಕ್ಕೆ ಕರೆ: ಇದು ದೇಶದಾದ್ಯಂತ ಇರುವ ಒಂದೇ ತುರ್ತು ಸಂಖ್ಯೆ. ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದಿಲ್ಲಿ, ಬೆಂಗಳೂರು ಎಲ್ಲೆಡೆ ಕೆಲಸ ಮಾಡುತ್ತದೆ. ಕರೆ ಮಾಡಿದ ಸಮಯ ದಾಖಲಾಗುವುದರಿಂದ ಚಾಲಕರೇ ಮೊದಲು ಪೊಲೀಸರ ನೆರವು ಕೇಳಿದ್ದರು ಎಂಬುದಕ್ಕೆ ಮುಂದೆ ಅದೇ ಸಾಕ್ಷಿಯಾಗುತ್ತದೆ. ಚಾಲಕರ ಆ್ಯಪ್‌ನಲ್ಲಿ ತುರ್ತು ಬಟನ್ ಇದ್ದರೆ ಅದನ್ನೂ ಒತ್ತಬೇಕು.

* ತಿರುಗಿ ಹೊಡೆಯಬಾರದು: ಆತ್ಮರಕ್ಷಣೆಯ ಹಕ್ಕನ್ನು ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಸೆಕ್ಷನ್‌ಗಳು ಕೊಡುತ್ತವೆ. ಆದರೆ ರಕ್ಷಣೆಗೆ ಬೇಕಾದಷ್ಟಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ಏಟನ್ನು ತಡೆಯುವುದು, ತಳ್ಳಿ ಬಿಡಿಸಿಕೊಳ್ಳುವುದು ರಕ್ಷಣೆ. ಓಡಿಹೋಗುತ್ತಿರುವವರನ್ನು ಹಿಡಿದು ಬಡಿಯುವುದು ಅಥವಾ ಸ್ನೇಹಿತರನ್ನು ಕರೆಸಿ ಹೊಡೆಸುವುದು ಅಪರಾಧ. ಆಗ ಎರಡೂ ಕಡೆ ಪ್ರಕರಣ ದಾಖಲಾಗುತ್ತದೆ.

* ಸ್ಕ್ರೀನ್‌ಶಾಟ್: ಟ್ರಿಪ್ ಐಡಿ, ಪ್ರಯಾಣಿಕರ ಹೆಸರು, ಹತ್ತಿದ ಮತ್ತು ಇಳಿಯಬೇಕಿದ್ದ ಜಾಗ, ಸಮಯ, ದರ ಎಲ್ಲವೂ ಕಾಣುವಂತೆ ತೆಗೆದಿಟ್ಟುಕೊಳ್ಳಬೇಕು. ಬಹುತೇಕ ಆ್ಯಪ್‌ಗಳಲ್ಲಿ ಪ್ರಯಾಣಿಕರ ನಿಜವಾದ ಮೊಬೈಲ್ ಸಂಖ್ಯೆ ಚಾಲಕರಿಗೆ ಕಾಣುವುದಿಲ್ಲ. ಆರೋಪಿಯನ್ನು ಪತ್ತೆ ಮಾಡಲು ಪೊಲೀಸರಿಗೆ ಟ್ರಿಪ್ ಐಡಿಯೇ ಆಧಾರ. ಬುಕ್ ಮಾಡಿದವರು ಒಬ್ಬರು, ಪ್ರಯಾಣಿಸಿದವರು ಇನ್ನೊಬ್ಬರು ಆಗಿದ್ದರೆ ಅದನ್ನೂ ದೂರಿನಲ್ಲಿ ಹೇಳಬೇಕು.

* ಸಾಕ್ಷಿಗಳು: ಬಿಡಿಸಲು ಬಂದವರು, ಪಕ್ಕದ ಅಂಗಡಿಯವರು, ಅಪಾರ್ಟ್‌ಮೆಂಟ್‌ನ ಸೆಕ್ಯೂರಿಟಿ ಸಿಬ್ಬಂದಿಯ ಹೆಸರು ಮತ್ತು ಫೋನ್ ಸಂಖ್ಯೆ ಬರೆದುಕೊಳ್ಳಬೇಕು. ಸುತ್ತ ಎಲ್ಲೆಲ್ಲಿ ಕ್ಯಾಮೆರಾ ಇದೆ ಎಂದು ನೋಡಿಟ್ಟುಕೊಳ್ಳಬೇಕು.

ಸಣ್ಣ ಗಾಯವಾದರೂ ಆಸ್ಪತ್ರೆಗೆ ಹೋಗಲೇಬೇಕು

ಮೆಡಿಕಲ್ ಸ್ಟೋರ್‌ನಲ್ಲಿ ಮಾತ್ರೆ ತೆಗೆದುಕೊಂಡು ಮನೆಗೆ ಹೋದರೆ ಗಾಯಕ್ಕೆ ದಾಖಲೆಯೇ ಉಳಿಯುವುದಿಲ್ಲ. ಅದೇ ದಿನ, ಸಾಧ್ಯವಾದರೆ ಸರ್ಕಾರಿ ಆಸ್ಪತ್ರೆಗೆ ಹೋಗಿ 'ಪ್ರಯಾಣಿಕರು ಹಲ್ಲೆ ಮಾಡಿದ್ದಾರೆ' ಎಂದು ವೈದ್ಯರಿಗೆ ಸ್ಪಷ್ಟವಾಗಿ ಹೇಳಬೇಕು. ಆಗ ಎಂಎಲ್‌ಸಿ ಎಂದು ನಮೂದಾಗುತ್ತದೆ ಮತ್ತು ಆಸ್ಪತ್ರೆಯಿಂದ ಪೊಲೀಸರಿಗೆ ಮಾಹಿತಿ ಹೋಗುತ್ತದೆ. 'ಬಿದ್ದು ಗಾಯವಾಯಿತು' ಎಂದು ಹೇಳಿದರೆ ಆ ಮಾತೇ ಮುಂದೆ ನ್ಯಾಯಾಲಯದಲ್ಲಿ ಪ್ರಕರಣಕ್ಕೆ ಮುಳುವಾಗುತ್ತದೆ.

ಗಂಭೀರ ಗಾಯವಿದ್ದರೆ ಹತ್ತಿರದ ಯಾವುದೇ ಆಸ್ಪತ್ರೆಗೆ ಹೋಗಬಹುದು. ಪೊಲೀಸ್ ಪ್ರಕ್ರಿಯೆಗೆ ಕಾಯದೆ ತುರ್ತು ಚಿಕಿತ್ಸೆ ನೀಡುವುದು ಸರ್ಕಾರಿ ಮತ್ತು ಖಾಸಗಿ ವೈದ್ಯರಿಬ್ಬರ ಕರ್ತವ್ಯ ಎಂದು ಪರಮಾನಂದ ಕಟಾರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಪೊಲೀಸರು ಮುಂದೆ ವೈದ್ಯರಿಂದ ಗಾಯದ ಪ್ರಮಾಣಪತ್ರ ಪಡೆಯುತ್ತಾರೆ. ಯಾವ ಸೆಕ್ಷನ್ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಅದೇ. ಗಾಯದ ಫೋಟೊ, ಹರಿದ ಬಟ್ಟೆ, ಒಡೆದ ಕನ್ನಡಕ, ಚಿಕಿತ್ಸೆಯ ಎಲ್ಲ ಬಿಲ್‌ಗಳನ್ನು ಎತ್ತಿಡಬೇಕು.

ಯಾವ ಕೃತ್ಯಕ್ಕೆ ಯಾವ ಸೆಕ್ಷನ್?

2024ರ ಜುಲೈ 1ರಿಂದ ಐಪಿಸಿ ಬದಲು ಭಾರತೀಯ ನ್ಯಾಯ ಸಂಹಿತೆ, ಅಂದರೆ ಬಿಎನ್‌ಎಸ್ ಜಾರಿಯಲ್ಲಿದೆ. ಚಾಲಕರ ಮೇಲಿನ ಹಲ್ಲೆ ಪ್ರಕರಣಗಳಲ್ಲಿ ಸಾಮಾನ್ಯವಾಗಿ ಅನ್ವಯಿಸುವ ಸೆಕ್ಷನ್‌ಗಳು ಇವು:

* 115(2), ಗಾಯಗೊಳಿಸುವುದು: 1 ವರ್ಷದವರೆಗೆ ಜೈಲು ಅಥವಾ ₹10,000ವರೆಗೆ ದಂಡ ಅಥವಾ ಎರಡೂ. ರಕ್ತ ಬರಲೇಬೇಕೆಂದಿಲ್ಲ, ದೈಹಿಕ ನೋವಾದರೂ ಸಾಕು. ಕಪಾಳಮೋಕ್ಷ ಇದರಡಿ ಬರುತ್ತದೆ.

* 117(2), ತೀವ್ರ ಗಾಯ: 7 ವರ್ಷದವರೆಗೆ ಜೈಲು ಮತ್ತು ದಂಡ. ಮೂಳೆ ಅಥವಾ ಹಲ್ಲು ಮುರಿಯುವುದು, ಕಣ್ಣು ಅಥವಾ ಕಿವಿಯ ಶಾಶ್ವತ ನಷ್ಟ, 15 ದಿನ ದೈನಂದಿನ ಕೆಲಸ ಮಾಡಲಾಗದ ಸ್ಥಿತಿ ಇದರಲ್ಲಿ ಸೇರುತ್ತವೆ. ಐಪಿಸಿಯಲ್ಲಿ ಈ ಅವಧಿ 20 ದಿನ ಇತ್ತು.

* 118(1), ಅಪಾಯಕಾರಿ ಆಯುಧದಿಂದ ಗಾಯ: 3 ವರ್ಷದವರೆಗೆ ಜೈಲು ಅಥವಾ ₹20,000ವರೆಗೆ ದಂಡ ಅಥವಾ ಎರಡೂ. ಚಾಕು, ಕಬ್ಬಿಣದ ರಾಡ್ ಇತ್ಯಾದಿ ಬಳಸಿದ್ದರೆ ಇದು ಅನ್ವಯ.

* 126(2), ಅಕ್ರಮವಾಗಿ ತಡೆಯುವುದು: 1 ತಿಂಗಳವರೆಗೆ ಸಾದಾ ಸಜೆ ಅಥವಾ ₹5,000ವರೆಗೆ ದಂಡ ಅಥವಾ ಎರಡೂ. ದಾರಿಗೆ ಅಡ್ಡ ನಿಲ್ಲುವುದು, ಮುಂದೆ ಹೋಗಲು ಬಿಡದಿರುವುದು.

* 351, ಜೀವ ಬೆದರಿಕೆ. 352, ಕೆರಳಿಸುವ ಉದ್ದೇಶದ ಅವಮಾನ: ಕೊಲೆ ಬೆದರಿಕೆ ಹಾಕಿದ್ದರೆ 351(3)ರಡಿ 7 ವರ್ಷದವರೆಗೆ ಶಿಕ್ಷೆಯಿದೆ.

* 304, ಕಸಿದುಕೊಳ್ಳುವುದು. 309, ದರೋಡೆ: ಹೊಡೆದು ಅಥವಾ ಹೆದರಿಸಿ ಮೊಬೈಲ್, ಹಣ ಕಿತ್ತುಕೊಂಡಿದ್ದರೆ ಇದು ಬರೀ ಹಲ್ಲೆಯಲ್ಲ.

* 324, ಆಸ್ತಿಗೆ ಹಾನಿ: ಗಾಜು, ಕನ್ನಡಿ, ಮೀಟರ್, ಮೊಬೈಲ್ ಒಡೆದಿದ್ದರೆ.

ಜಾತಿ ಹಿಡಿದು ಸಾರ್ವಜನಿಕವಾಗಿ ನಿಂದಿಸಿದ್ದರೆ, ಚಾಲಕರು ಪರಿಶಿಷ್ಟ ಜಾತಿ ಅಥವಾ ಪಂಗಡಕ್ಕೆ ಸೇರಿದ್ದರೆ, 1989ರ ದೌರ್ಜನ್ಯ ತಡೆ ಕಾಯ್ದೆಯೂ ಅನ್ವಯಿಸುತ್ತದೆ. ಸಾರಿಗೆ ನಿಗಮದ ಬಸ್ ಚಾಲಕರ ಮೇಲೆ ಹಲ್ಲೆಯಾದರೆ ಸರ್ಕಾರಿ ಕರ್ತವ್ಯಕ್ಕೆ ಅಡ್ಡಿಪಡಿಸಿದ ಸೆಕ್ಷನ್ ಹಾಕಲಾಗುತ್ತದೆ. ಆ್ಯಪ್ ಆಧಾರಿತ ಚಾಲಕರಿಗೆ ಆ ರಕ್ಷಣೆ ಇಲ್ಲ. ಹಾಗಾಗಿ ಮೇಲಿನ ಸೆಕ್ಷನ್‌ಗಳೇ ಅವರಿಗೆ ಆಧಾರ.

ಎಫ್‌ಐಆರ್ ಮತ್ತು ಎನ್‌ಸಿಆರ್: ಚಾಲಕರು ಎಡವುವುದು ಇಲ್ಲೇ

ಪೊಲೀಸರು ನ್ಯಾಯಾಲಯದ ಅನುಮತಿಯಿಲ್ಲದೆ ತನಿಖೆ ನಡೆಸಬಹುದಾದ ಅಪರಾಧಗಳನ್ನು ಸಂಜ್ಞೇಯ ಎನ್ನುತ್ತಾರೆ. ಇವುಗಳಿಗೆ ಎಫ್‌ಐಆರ್ ಆಗುತ್ತದೆ. ಅನುಮತಿ ಬೇಕಾದವು ಅಸಂಜ್ಞೇಯ. ಇವುಗಳಿಗೆ ಎನ್‌ಸಿಆರ್ ಮಾತ್ರ. 115(2)ರ ಸಾಮಾನ್ಯ ಗಾಯ ಅಸಂಜ್ಞೇಯ ಅಪರಾಧ. ಆದ್ದರಿಂದ 'ಎರಡು ಏಟು ಹೊಡೆದರು' ಎಂದಷ್ಟೇ ದೂರು ಕೊಟ್ಟರೆ ಪೊಲೀಸರು ಎನ್‌ಸಿಆರ್ ಬರೆದು ಕಳುಹಿಸುವ ಸಾಧ್ಯತೆಯೇ ಹೆಚ್ಚು.

ಆದರೆ ಒಂದೇ ಘಟನೆಯಲ್ಲಿ ಹಲವು ಅಪರಾಧಗಳಿದ್ದು, ಅವುಗಳಲ್ಲಿ ಒಂದಾದರೂ ಸಂಜ್ಞೇಯವಾಗಿದ್ದರೆ ಇಡೀ ಪ್ರಕರಣವನ್ನು ಸಂಜ್ಞೇಯ ಎಂದೇ ಪರಿಗಣಿಸಬೇಕು ಎಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 174(4) ಹೇಳುತ್ತದೆ. ಅಕ್ರಮವಾಗಿ ತಡೆಯುವುದು, ಕಸಿದುಕೊಳ್ಳುವುದು, ಆಯುಧದಿಂದ ಗಾಯ, ತೀವ್ರ ಗಾಯ ಇವೆಲ್ಲ ಸಂಜ್ಞೇಯ. ಪ್ರಯಾಣಿಕರು ಗಾಡಿಗೆ ಅಡ್ಡ ನಿಂತು ಹೋಗಲು ಬಿಡದಿದ್ದರೆ, ಮೊಬೈಲ್ ಕಿತ್ತುಕೊಂಡಿದ್ದರೆ ಅದನ್ನು 'ಸಣ್ಣ ವಿಷಯ' ಎಂದು ಬಿಡಬಾರದು. ನಡೆದದ್ದನ್ನೆಲ್ಲ ನಡೆದ ಕ್ರಮದಲ್ಲೇ ಬರೆಯಬೇಕು. ಹಾಗೆಂದು ನಡೆಯದ್ದನ್ನು ಸೇರಿಸಬಾರದು. ಸುಳ್ಳು ದೂರು ಕೂಡ ಅಪರಾಧ.

ಎನ್‌ಸಿಆರ್ ಆದರೂ ದಾರಿ ಮುಚ್ಚುವುದಿಲ್ಲ. ಅದರ ಪ್ರತಿ ಹಿಡಿದು ತನಿಖೆಗೆ ಆದೇಶಿಸುವಂತೆ ಮ್ಯಾಜಿಸ್ಟ್ರೇಟ್ ಅವರನ್ನು ಕೋರಬಹುದು.

'ನಮ್ಮ ಲಿಮಿಟ್ ಅಲ್ಲ' ಎಂದರೆ?

ವಿಮಾನ ನಿಲ್ದಾಣಕ್ಕೆ ಅಥವಾ ಪಕ್ಕದ ಊರಿಗೆ ಬಾಡಿಗೆ ಹೋದಾಗ ಘಟನೆ ನಡೆದರೆ ಯಾವ ಠಾಣೆ ಎಂಬ ಗೊಂದಲ ಸಹಜ. ಸೆಕ್ಷನ್ 173ರ ಪ್ರಕಾರ ಸಂಜ್ಞೇಯ ಅಪರಾಧದ ಮಾಹಿತಿಯನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ಇದನ್ನೇ ಝೀರೊ ಎಫ್‌ಐಆರ್ ಎನ್ನುವುದು. ನಂತರ ಅದು ಸಂಬಂಧಪಟ್ಟ ಠಾಣೆಗೆ ವರ್ಗವಾಗುತ್ತದೆ. ಇ-ಮೇಲ್ ಅಥವಾ ಪೋರ್ಟಲ್ ಮೂಲಕವೂ ಮಾಹಿತಿ ಕೊಡಬಹುದು. ಆದರೆ 3 ದಿನದೊಳಗೆ ಠಾಣೆಗೆ ಹೋಗಿ ಸಹಿ ಮಾಡಬೇಕು. ಎಫ್‌ಐಆರ್ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಬೇಕು. ತನಿಖೆ ಎಲ್ಲಿಗೆ ಬಂತು ಎಂಬುದನ್ನು 90 ದಿನದೊಳಗೆ ತಿಳಿಸಬೇಕೆಂದೂ ಕಾನೂನಿದೆ.

ಸಂಜ್ಞೇಯ ಅಪರಾಧದ ಮಾಹಿತಿ ಬಂದಾಗ ಎಫ್‌ಐಆರ್ ಕಡ್ಡಾಯ ಎಂದು ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ ತೀರ್ಪು ನೀಡಿದೆ. ಹೊಸ ಕಾನೂನಿನಲ್ಲಿ, 3 ವರ್ಷ ಅಥವಾ ಹೆಚ್ಚು, ಆದರೆ 7 ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಗಳಿಗೆ ಹಿರಿಯ ಅಧಿಕಾರಿಯ ಅನುಮತಿಯೊಂದಿಗೆ 14 ದಿನದ ಪ್ರಾಥಮಿಕ ವಿಚಾರಣೆಗೆ ಅವಕಾಶವಿದೆ. ಠಾಣೆಯಲ್ಲಿ ದೂರು ಪಡೆಯದಿದ್ದರೆ ಅನುಸರಿಸಬೇಕಾದ ಕ್ರಮ:

1. ಲಿಖಿತ ದೂರು ಕೊಟ್ಟು ಸ್ವೀಕೃತಿ ಕೇಳಬೇಕು.
2. ಕೊಡದಿದ್ದರೆ ಅದೇ ದೂರನ್ನು ಎಸ್‌ಪಿ ಅಥವಾ ನಗರಗಳಲ್ಲಿ ಡಿಸಿಪಿ ಕಚೇರಿಗೆ ಅಂಚೆ ಮೂಲಕ ಕಳುಹಿಸಿ ರಸೀದಿ ಇಟ್ಟುಕೊಳ್ಳಬೇಕು.
3. ಆಗಲೂ ಕ್ರಮವಾಗದಿದ್ದರೆ ಸೆಕ್ಷನ್ 175(3)ರಡಿ ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ಪ್ರಮಾಣಪತ್ರದೊಂದಿಗೆ ಅರ್ಜಿ ಹಾಕಬಹುದು.

ಹೊರರಾಜ್ಯದಲ್ಲಿ ದುಡಿಯುವ ಕನ್ನಡಿಗ ಚಾಲಕರು ಗಮನಿಸಬೇಕಾದ್ದು

ಠಾಣೆಗಳಲ್ಲಿ ಬಳಸುವ ಹೆಸರುಗಳು ಊರಿಂದ ಊರಿಗೆ ಬೇರೆ. ಮುಂಬೈ, ಪುಣೆಯಲ್ಲಿ ಅಸಂಜ್ಞೇಯ ದೂರನ್ನು 'ಎನ್‌ಸಿ' ಎನ್ನುತ್ತಾರೆ. ಚೆನ್ನೈಯಲ್ಲಿ ದೂರು ಕೊಟ್ಟ ಕೂಡಲೇ ಸಿಗುವುದು 'ಸಿಎಸ್‌ಆರ್' ರಸೀದಿ. ದಿಲ್ಲಿಯಲ್ಲಿ ಮೊದಲು 'ಡಿಡಿ ನಂಬರ್' ಕೊಡುತ್ತಾರೆ. ಇವು ಯಾವುವೂ ಎಫ್‌ಐಆರ್ ಅಲ್ಲ. ಆದರೂ ಆ ಸಂಖ್ಯೆ ಬರೆದುಕೊಳ್ಳದೆ ಠಾಣೆಯಿಂದ ಹೊರಬರಬಾರದು.

ಎಫ್‌ಐಆರ್ ಮರಾಠಿ, ತಮಿಳು, ತೆಲುಗು ಅಥವಾ ಹಿಂದಿಯಲ್ಲಿ ಬರೆಯಲಾಗುತ್ತದೆ. ಬಾಯಿಮಾತಿನ ದೂರನ್ನು ಬರೆದುಕೊಂಡ ನಂತರ ದೂರುದಾರರಿಗೆ ಓದಿ ಹೇಳಬೇಕೆಂದು ಕಾನೂನು ಹೇಳುತ್ತದೆ. ಅರ್ಥವಾಗದ ಕಾಗದಕ್ಕೆ ಸಹಿ ಹಾಕಬಾರದು. ಸ್ಥಳೀಯ ಭಾಷೆ ಓದಬಲ್ಲ ಸಹೋದ್ಯೋಗಿ ಅಥವಾ ಚಾಲಕರ ಸಂಘದವರನ್ನು ಕರೆದುಕೊಂಡು ಹೋಗುವುದು, ಇಂಗ್ಲಿಷ್ ಅಥವಾ ಹಿಂದಿಯಲ್ಲಿ ದೂರು ಬರೆದು ಒಯ್ಯುವುದು ಒಳ್ಳೆಯದು.

ದೂರು ಹೀಗಿರಲಿ

"ನಾನು (ಹೆಸರು, ವಯಸ್ಸು, ವಿಳಾಸ), (ವಾಹನ ಸಂಖ್ಯೆ) ವಾಹನದ ಚಾಲಕ. ದಿನಾಂಕ (…) ರಂದು (…) ಗಂಟೆಗೆ (…) ಆ್ಯಪ್ ಮೂಲಕ ಬಂದ ಟ್ರಿಪ್ ಐಡಿ (…) ರ ಪ್ರಯಾಣಿಕರನ್ನು (…) ಬಳಿ ಹತ್ತಿಸಿಕೊಂಡೆನು. (…) ಬಳಿ ಬಂದಾಗ (…) ವಿಷಯಕ್ಕೆ ಜಗಳ ತೆಗೆದು, ಮುಂದೆ ಹೋಗಲು ಬಿಡದೆ ತಡೆದು, (ಕೈಯಿಂದ / ಯಾವ ವಸ್ತುವಿನಿಂದ) ನನ್ನ (ದೇಹದ ಯಾವ ಭಾಗ) ಮೇಲೆ ಹೊಡೆದರು. (ಬೈಗುಳ, ಬೆದರಿಕೆ ಇದ್ದಲ್ಲಿ ಅದೇ ಮಾತುಗಳು). (ಕಿತ್ತುಕೊಂಡ / ಒಡೆದ ವಸ್ತು ಮತ್ತು ಅದರ ಬೆಲೆ). ಘಟನೆಯನ್ನು (ಸಾಕ್ಷಿಗಳ ಹೆಸರು) ನೋಡಿದ್ದಾರೆ. (…) ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದಿದ್ದೇನೆ. ಸ್ಥಳದ ಸಿಸಿಟಿವಿ ದೃಶ್ಯ ಮತ್ತು ಆ್ಯಪ್ ಕಂಪನಿಯಿಂದ ಪ್ರಯಾಣಿಕರ ವಿವರ ಪಡೆದು ಕಾನೂನು ಕ್ರಮ ಕೈಗೊಳ್ಳಬೇಕೆಂದು ಕೋರುತ್ತೇನೆ."

ಆವರಣದಲ್ಲಿರುವುದನ್ನು ತುಂಬಿ, ಅನ್ವಯಿಸದ ಮಾತುಗಳನ್ನು ಕೈಬಿಟ್ಟು ಬರೆಯಬೇಕು. ಕೊನೆಯ ವಾಕ್ಯ ಮುಖ್ಯ. ಸೆಕ್ಷನ್ 94ರಡಿ ಪೊಲೀಸರು ಕಂಪನಿಗೆ ನೋಟಿಸ್ ಕೊಟ್ಟು ಪ್ರಯಾಣಿಕರ ವಿವರ ತರಿಸಿಕೊಳ್ಳಬಹುದು. ಚಾಲಕರು ನೇರವಾಗಿ ಕೇಳಿದರೆ ಕಂಪನಿ ಕೊಡುವುದಿಲ್ಲ.

ವಿಡಿಯೊ, ಆಡಿಯೊ ಸಾಕ್ಷ್ಯ ಕಾಪಾಡುವುದು ಹೇಗೆ?

ಅಂಗಡಿ, ಅಪಾರ್ಟ್‌ಮೆಂಟ್‌ಗಳ ಸಿಸಿಟಿವಿಯಲ್ಲಿ ಹಳೆಯ ದೃಶ್ಯದ ಮೇಲೆ ಹೊಸದು ದಾಖಲಾಗುತ್ತ ಹೋಗುತ್ತದೆ. ಮರುದಿನವೇ ಪೊಲೀಸರ ಗಮನಕ್ಕೆ ತರಬೇಕು. ಡ್ಯಾಶ್‌ಕ್ಯಾಮ್ ಇದ್ದರೆ ಮೆಮೊರಿ ಕಾರ್ಡ್ ತೆಗೆದಿಟ್ಟು ಹೊಸ ಕಾರ್ಡ್ ಹಾಕಬೇಕು. ಮೊಬೈಲ್‌ನಲ್ಲಿ ತೆಗೆದ ವಿಡಿಯೊವನ್ನು ಎಡಿಟ್ ಮಾಡದೆ ಮೂಲ ಫೋನ್‌ನಲ್ಲೇ ಉಳಿಸಿಕೊಳ್ಳಬೇಕು. ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದ ಪ್ರತಿಯ ಗುಣಮಟ್ಟ ಕುಸಿಯುತ್ತದೆ. ನ್ಯಾಯಾಲಯಕ್ಕೆ ಡಿಜಿಟಲ್ ಸಾಕ್ಷ್ಯ ಸಲ್ಲಿಸುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63(4)ರ ಪ್ರಮಾಣಪತ್ರ ಬೇಕಾಗುತ್ತದೆ. ಅದರ ನಮೂನೆ ಕಾನೂನಿನಲ್ಲೇ ಇದೆ.

ವಿಡಿಯೊವನ್ನು ಸಾಮಾಜಿಕ ಜಾಲತಾಣಕ್ಕೆ ಹಾಕಿ 'ಇವರನ್ನು ಹುಡುಕಿಕೊಡಿ' ಎನ್ನುವ ಮೊದಲು ಯೋಚಿಸಬೇಕು. ಪ್ರಯಾಣಿಕರ ಹೆಸರು, ಮನೆ ವಿಳಾಸ ಬಹಿರಂಗಪಡಿಸಿದರೆ ಮಾನನಷ್ಟದಂತಹ ಪ್ರತಿದೂರಿಗೆ ದಾರಿಯಾಗುತ್ತದೆ.

ಕಂಪನಿಗೆ ದೂರು, ಐಡಿ ಬ್ಲಾಕ್ ಆದರೆ ಮುಂದೇನು?

ಪೊಲೀಸ್ ದೂರು ಕೊಟ್ಟರೆ ಸಾಲದು. ಅದೇ ದಿನ ಆ್ಯಪ್‌ನ ಸುರಕ್ಷತಾ ವಿಭಾಗದಲ್ಲೂ ದೂರು ದಾಖಲಿಸಿ ಟಿಕೆಟ್ ಸಂಖ್ಯೆ ಪಡೆಯಬೇಕು. ಫೋನ್‌ನಲ್ಲಿ ಮಾತನಾಡಿದ್ದನ್ನೂ ಇ-ಮೇಲ್ ಅಥವಾ ಚಾಟ್‌ನಲ್ಲಿ ಬರೆದು ಕಳುಹಿಸಬೇಕು. ಕೇಳಬೇಕಾದ್ದು ನಾಲ್ಕು: ಆ ಪ್ರಯಾಣಿಕರನ್ನು ಮತ್ತೆ ತಮಗೆ ಜೋಡಿಸಬಾರದು, ಟ್ರಿಪ್ ದಾಖಲೆ ಅಳಿಸಬಾರದು, ಟ್ರಿಪ್‌ನ ಹಣ ಮತ್ತು ರೇಟಿಂಗ್ ಸರಿಪಡಿಸಬೇಕು, ವಿಮೆ ಇದ್ದರೆ ಅದರ ಕ್ಲೇಮ್ ವಿವರ ಕೊಡಬೇಕು.

ಪ್ರಯಾಣಿಕರೇ ಮೊದಲು ದೂರಿ ಐಡಿ ಬ್ಲಾಕ್ ಆಗಿದ್ದರೆ ಎಫ್‌ಐಆರ್ ಅಥವಾ ಎನ್‌ಸಿಆರ್ ಪ್ರತಿ, ಎಂಎಲ್‌ಸಿ ವಿವರ, 112 ಕರೆಯ ಸಮಯ ಸೇರಿಸಿ ಮರುಪರಿಶೀಲನೆ ಕೇಳಬೇಕು. ಕರ್ನಾಟಕದಲ್ಲಿ 2025ರ ಪ್ಲಾಟ್‌ಫಾರ್ಮ್ ಆಧಾರಿತ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ ಕಾಯ್ದೆ, ಕೆಲಸದಿಂದ ತೆಗೆಯಲು ಲಿಖಿತ ಕಾರಣ ಮತ್ತು 14 ದಿನದ ಮುಂಚಿನ ನೋಟಿಸ್ ಬೇಕೆನ್ನುತ್ತದೆ. ದೂರು ಪರಿಹಾರ ವ್ಯವಸ್ಥೆಯೂ ಅದರಲ್ಲಿದೆ. ಇಂಥ ಕಾಯ್ದೆಯನ್ನು ದೇಶದಲ್ಲಿ ಮೊದಲು ತಂದದ್ದು ರಾಜಸ್ಥಾನ, 2023ರಲ್ಲಿ.

ಚಿಕಿತ್ಸೆ, ವಾಹನ ಹಾನಿ: ಹಣ ಎಲ್ಲಿಂದ?

* ಕಂಪನಿಯ ವಿಮೆ: ಕೇಂದ್ರ ಸಾರಿಗೆ ಸಚಿವಾಲಯದ 2025ರ ಅಗ್ರಿಗೇಟರ್ ಮಾರ್ಗಸೂಚಿ, ಚಾಲಕರಿಗೆ ಕನಿಷ್ಠ ₹5 ಲಕ್ಷದ ಆರೋಗ್ಯ ವಿಮೆ ಮತ್ತು ₹10 ಲಕ್ಷದ ಟರ್ಮ್ ವಿಮೆ ಇರಬೇಕೆನ್ನುತ್ತದೆ. ಇದನ್ನು ಅಳವಡಿಸಿಕೊಳ್ಳುವುದು ರಾಜ್ಯಗಳಿಗೆ ಬಿಟ್ಟದ್ದು. ತಮ್ಮ ಹೆಸರಿನಲ್ಲಿ ಪಾಲಿಸಿ ಇದೆಯೇ ಎಂದು ಕಂಪನಿಯಿಂದ ಲಿಖಿತವಾಗಿ ಕೇಳಬೇಕು.

* ವಾಹನ ವಿಮೆ: ಕಾಂಪ್ರಹೆನ್ಸಿವ್ ಪಾಲಿಸಿ ಇದ್ದರೆ ದುರುದ್ದೇಶದಿಂದ ಮಾಡಿದ ಹಾನಿಗೆ ಕ್ಲೇಮ್ ಮಾಡಬಹುದು. ರಿಪೇರಿಗೆ ಮೊದಲು ಫೋಟೊ ತೆಗೆದು ವಿಮಾ ಕಂಪನಿಗೆ ತಿಳಿಸಬೇಕು. ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಇದು ಸಿಗುವುದಿಲ್ಲ.

* ಸಂತ್ರಸ್ತರ ಪರಿಹಾರ: ಸೆಕ್ಷನ್ 396ರಡಿ ಪ್ರತಿ ರಾಜ್ಯದಲ್ಲೂ ಯೋಜನೆ ಇದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬೇಕು. ಆರೋಪಿಗೆ ಶಿಕ್ಷೆಯಾದಾಗ ಅವರಿಂದಲೇ ಪರಿಹಾರ ಕೊಡಿಸಲು ಸೆಕ್ಷನ್ 395ರಡಿ ನ್ಯಾಯಾಲಯಕ್ಕೆ ಅಧಿಕಾರವಿದೆ.

* ಪಿಎಂ ಸುರಕ್ಷಾ ಬಿಮಾ: ವರ್ಷಕ್ಕೆ ₹20 ಕಂತು, ಅಪಘಾತದ ಸಾವು ಅಥವಾ ಪೂರ್ಣ ಅಂಗವೈಕಲ್ಯಕ್ಕೆ ₹2 ಲಕ್ಷ. ಆಸ್ಪತ್ರೆ ವೆಚ್ಚ ಇದರಲ್ಲಿ ಬರುವುದಿಲ್ಲ.

* ಇ-ಶ್ರಮ್ ನೋಂದಣಿ: ಇ-ಶ್ರಮ್‌ನಲ್ಲಿ ನೋಂದಾಯಿಸಿದ ಗಿಗ್ ಕಾರ್ಮಿಕರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಸೌಲಭ್ಯ ನೀಡುವುದಾಗಿ ಕೇಂದ್ರ ಸರ್ಕಾರ 2025ರ ಬಜೆಟ್‌ನಲ್ಲಿ ಪ್ರಕಟಿಸಿತ್ತು. ನೋಂದಣಿ ಆಗದವರು ಮೊದಲು ಅದನ್ನು ಮಾಡಿಸಿಕೊಳ್ಳಬೇಕು.

ಚಾಲಕರು ಜೀವವನ್ನೇ ಕಳೆದುಕೊಂಡ ಸಂದರ್ಭದಲ್ಲಿ ಕುಟುಂಬದವರು ತಿಳಿದಿರಬೇಕಾದ ತೀರ್ಪೊಂದಿದೆ. ಪ್ರಯಾಣಿಕರ ಸೋಗಿನಲ್ಲಿ ಬಂದವರು ಆಟೊ ಕದಿಯಲು ಚಾಲಕರನ್ನು ಕೊಂದ ರೀಟಾ ದೇವಿ ಪ್ರಕರಣದಲ್ಲಿ, ಆ ಸಾವು ಮೋಟಾರು ವಾಹನ ಬಳಕೆಯಿಂದ ಉಂಟಾದ ಅಪಘಾತವೇ ಎಂದು ಸುಪ್ರೀಂ ಕೋರ್ಟ್ 2000ದಲ್ಲಿ ಹೇಳಿ ವಿಮಾ ಪರಿಹಾರಕ್ಕೆ ದಾರಿ ಮಾಡಿತು. ಉದ್ದೇಶ ವಾಹನ ಕದಿಯುವುದಾಗಿದ್ದು ಕೊಲೆ ಅದರ ನಡುವೆ ಆಗಿರಬೇಕು. ವೈಯಕ್ತಿಕ ದ್ವೇಷದ ಕೊಲೆಗೆ ಇದು ಅನ್ವಯಿಸದು.

ರಾಜಿ ಮಾಡಿಕೊಳ್ಳಿ ಎಂದರೆ?

ಠಾಣೆಯಲ್ಲೇ ಸಾವಿರವೋ ಎರಡು ಸಾವಿರವೋ ಕೊಟ್ಟು ಮುಗಿಸುವ ಒತ್ತಡ ಬರುವುದುಂಟು. ಸಾಮಾನ್ಯ ಗಾಯದ ಪ್ರಕರಣದಲ್ಲಿ ರಾಜಿಗೆ ಕಾನೂನಿನಲ್ಲೇ ಅವಕಾಶವಿದೆ. ಆದರೆ ಒಪ್ಪುವುದು ಬಿಡುವುದು ಗಾಯಗೊಂಡವರ ಇಚ್ಛೆ. ತೀವ್ರ ಗಾಯದ ಪ್ರಕರಣವಾದರೆ ನ್ಯಾಯಾಲಯದ ಅನುಮತಿ ಬೇಕು. ಚಿಕಿತ್ಸೆ, ರಿಪೇರಿ, ದುಡಿಮೆಯಿಲ್ಲದ ದಿನಗಳ ಲೆಕ್ಕ ಹಾಕದೆ ಒಪ್ಪಬಾರದು. ಸ್ಕ್ಯಾನಿಂಗ್ ವರದಿ ಬರುವ ಮುನ್ನ ರಾಜಿಯಾದರೆ ಮುರಿದ ಮೂಳೆ ಆಮೇಲೆ ಗೊತ್ತಾಗುತ್ತದೆ. ಖಾಲಿ ಹಾಳೆಗೆ ಸಹಿ ಬೇಡವೇ ಬೇಡ.

ಚಾಲಕರು ಹೆಚ್ಚಾಗಿ ಕೇಳುವ ಪ್ರಶ್ನೆಗಳು

ಪರ್ಮಿಟ್ ಅಥವಾ ದಾಖಲೆಯಲ್ಲಿ ಲೋಪವಿದ್ದರೆ ದೂರು ಕೊಡಬಹುದೇ?
ಕೊಡಬಹುದು. ಅದಕ್ಕೆ ಪ್ರತ್ಯೇಕವಾಗಿ ದಂಡ ಬೀಳಬಹುದು. ಆದರೆ ಹಲ್ಲೆಗೊಳಗಾದವರ ದೂರನ್ನು ಆ ಕಾರಣಕ್ಕೆ ತಿರಸ್ಕರಿಸುವಂತಿಲ್ಲ. ಬೈಕ್ ಟ್ಯಾಕ್ಸಿ ಸವಾರರಿಗೂ ಇದೇ ಅನ್ವಯ.

ಹೊಡೆದವರು ಮಹಿಳೆಯಾಗಿದ್ದರೆ?
ಗಾಯ, ತಡೆ, ಬೆದರಿಕೆಯ ಸೆಕ್ಷನ್‌ಗಳು ಪುರುಷರಿಗೂ ಮಹಿಳೆಯರಿಗೂ ಒಂದೇ. ಚಾಲಕರು ಅವರನ್ನು ಮುಟ್ಟದೆ, ಹಿಡಿಯದೆ ದೂರ ಸರಿದು 112ಕ್ಕೆ ಕರೆ ಮಾಡಬೇಕು.

ಮಹಿಳಾ ಚಾಲಕಿಯರ ಮೇಲೆ ದೌರ್ಜನ್ಯವಾದರೆ?
ಸೆಕ್ಷನ್ 74ರಿಂದ 79ರವರೆಗಿನ ಲೈಂಗಿಕ ಸ್ವರೂಪದ ಅಪರಾಧಗಳಲ್ಲಿ ಮಾಹಿತಿಯನ್ನು ಮಹಿಳಾ ಅಧಿಕಾರಿಯೇ ದಾಖಲಿಸಬೇಕು. 181 ಸಹಾಯವಾಣಿಯೂ ಇದೆ.

ಆಟೊದಲ್ಲಿ ಪ್ಯಾನಿಕ್ ಬಟನ್ ಏಕಿಲ್ಲ?
ಸ್ಥಳ ಪತ್ತೆ ಸಾಧನ ಮತ್ತು ತುರ್ತು ಬಟನ್ ಕಡ್ಡಾಯಗೊಳಿಸಿದ ಕೇಂದ್ರ ನಿಯಮದಿಂದ ದ್ವಿಚಕ್ರ ಮತ್ತು ತ್ರಿಚಕ್ರ ವಾಹನಗಳಿಗೆ ವಿನಾಯಿತಿ ಇದೆ. ಅಂಥ ಚಾಲಕರು ಮನೆಯವರಿಗೆ ಅಥವಾ ಗೆಳೆಯರಿಗೆ ಲೈವ್ ಲೊಕೇಶನ್ ಕಳುಹಿಸಿಡುವುದು ಉತ್ತಮ.

ವಕೀಲರಿಗೆ ಹಣವಿಲ್ಲದಿದ್ದರೆ?
ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ನಿಗದಿತ ಮಿತಿಗಿಂತ ಕಡಿಮೆ ಆದಾಯದವರಿಗೆ ಕಾನೂನು ನೆರವು ಉಚಿತ. ಸಹಾಯವಾಣಿ 15100.

ಫೋನ್‌ನಲ್ಲಿ ಉಳಿಸಿಟ್ಟುಕೊಳ್ಳಬೇಕಾದ ಸಂಖ್ಯೆಗಳು: ಪೊಲೀಸ್ ಮತ್ತು ತುರ್ತು ನೆರವು 112, ಆ್ಯಂಬುಲೆನ್ಸ್ 108, ಮಹಿಳಾ ಸಹಾಯವಾಣಿ 181, ಉಚಿತ ಕಾನೂನು ನೆರವು 15100, ಇ-ಶ್ರಮ್ 14434.